ಗಾಂಧಿ ಬಜಾರಿನ ಅಧ್ಯಾಯ ಜರ್ನಲ್ ಲೇಖನ ಆಗುವುದು ಹೇಗೆ?

ಪ್ರಶ್ನೆ: ಮೇಡಂ, ನಾನು ಶಿವಮೊಗ್ಗ ಜಿಲ್ಲೆಯವಳು. ಈಚೆಗೆ ಪಿಎಚ್‌ಡಿ ಮುಗಿಯಿತು. ಶಿವಮೊಗ್ಗ ನಗರದ ಗಾಂಧಿ ಬಜಾರ್ ಸುತ್ತಮುತ್ತಲಿನ ಬೀದಿಬದಿ ವ್ಯಾಪಾರಿಗಳು ನನ್ನ ವಿಷಯ. ಸ್ಮಾರ್ಟ್ ಸಿಟಿ ಕಾಮಗಾರಿ ಬಂದ ಮೇಲೆ ಅವರು ಕೂರುವ ಜಾಗ ಹೇಗೆ ಬದಲಾಯಿತು ಅಂತ ನೋಡಿದ್ದೇನೆ. ನಾಲ್ಕನೇ ಅಧ್ಯಾಯವನ್ನು ಹೊರದೇಶದ ಒಂದು ನಗರ ಅಧ್ಯಯನ ಜರ್ನಲ್‌ಗೆ ಕಳಿಸಿದ್ದೆ. ಕೆಲವೇ ದಿನಕ್ಕೆ ವಾಪಸ್ ಬಂತು. ‘ಸ್ಥಳೀಯ ಆಸಕ್ತಿಯ ಬರಹ’ ಅಂತ ಒಂದೇ ಸಾಲು. ಬೆಂಗಳೂರು, ಮುಂಬೈ ಬಗ್ಗೆ ಬರೆದರೆ ಮಾತ್ರ ತಗೊಳ್ತಾರಾ? ಅಷ್ಟರಲ್ಲಿ ಬೇರೆ ಒಂದು ಜರ್ನಲ್‌ನಿಂದ ಮೇಲ್ ಬಂದಿದೆ. ದುಡ್ಡು ಕಟ್ಟಿದರೆ ಹತ್ತು ದಿನದಲ್ಲಿ ಪ್ರಕಟಿಸುತ್ತಾರಂತೆ. ಏನು ಮಾಡಲಿ? ಲೇಖನದ ಸಾರಾಂಶ ಜೊತೆಗಿಟ್ಟಿದ್ದೇನೆ.

ಉತ್ತರ: ಆ ಎರಡನೇ ಮೇಲ್‌ಗೆ ಉತ್ತರವನ್ನೇ ಕೊಡಬೇಡಿ. ಹತ್ತು ದಿನದಲ್ಲಿ ಯಾರೂ ಒಂದು ಲೇಖನವನ್ನು ಸರಿಯಾಗಿ ಓದಿ, ಪರಿಶೀಲಿಸಿ, ತಿದ್ದಿಸಿ ಪ್ರಕಟಿಸಲಾರರು. ಅವರಿಗೆ ಬೇಕಿರುವುದು ನಿಮ್ಮ ದುಡ್ಡು. ಒಮ್ಮೆ ಅಲ್ಲಿ ಅಚ್ಚಾದರೆ ಅದೇ ಲೇಖನವನ್ನು ಒಳ್ಳೆಯ ಕಡೆ ಕಳಿಸುವ ದಾರಿಯೂ ಮುಚ್ಚಿಹೋಗುತ್ತದೆ. ಎಷ್ಟೋ ವರ್ಷದ ಫೀಲ್ಡ್‌ವರ್ಕ್ ಅಲ್ಲಿಗೆ ವ್ಯರ್ಥ. ಹಿಂದೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಒಪ್ಪಿದ ಜರ್ನಲ್‌ಗಳ ‘ಕೇರ್’ ಪಟ್ಟಿ ನೋಡಿ ಜರ್ನಲ್ ಸರಿಯೋ ತಪ್ಪೋ ಹೇಳುತ್ತಿದ್ದೆವು. 2025ರ ಫೆಬ್ರುವರಿಯಲ್ಲಿ ಯುಜಿಸಿ ಆ ಪಟ್ಟಿಯನ್ನು ನಿಲ್ಲಿಸಿತು. ಈಗ ಆ ಜವಾಬ್ದಾರಿ ವಿಶ್ವವಿದ್ಯಾಲಯಗಳದ್ದು ಮತ್ತು ನಮ್ಮದು. ಸಂಪಾದಕ ಮಂಡಳಿಯಲ್ಲಿ ನಿಮ್ಮ ಕ್ಷೇತ್ರದ ಎರಡು ಪರಿಚಿತ ಹೆಸರಾದರೂ ಇವೆಯಾ? ಅವರ ಸ್ವಂತ ಪುಟಗಳಲ್ಲಿ ಈ ಜರ್ನಲ್‌ನ ಹೆಸರಿದೆಯಾ? ನಗರ, ನರ್ಸಿಂಗ್, ನ್ಯಾನೋ ತಂತ್ರಜ್ಞಾನ ಎಲ್ಲವನ್ನೂ ಒಂದೇ ಸಂಚಿಕೆಯಲ್ಲಿ ಹಾಕುತ್ತಾರಾ? ಇಷ್ಟು ನೋಡಿದರೆ ಹೆಚ್ಚಿನ ಮೋಸ ಗೊತ್ತಾಗುತ್ತದೆ. ಒಳ್ಳೆಯ ಜರ್ನಲ್‌ನ ಹೆಸರಲ್ಲೇ ನಕಲಿ ವೆಬ್‌ಸೈಟ್ ಮಾಡುವವರೂ ಇದ್ದಾರೆ. ಹಾಗಾಗಿ ಯಾವಾಗಲೂ ಪ್ರಕಾಶಕರ ಮುಖ್ಯ ತಾಣದಿಂದಲೇ ಒಳಗೆ ಹೋಗಿ.

ಈಗ ನಿಮ್ಮ ನಿಜವಾದ ಪ್ರಶ್ನೆ. ಊರು ಸಣ್ಣದು ಅಂತ ಲೇಖನ ವಾಪಸ್ ಬಂದಿಲ್ಲ. ನಗರ ಅಧ್ಯಯನದಲ್ಲಿ ಸುಮಾರು ಇಪ್ಪತ್ತು ವರ್ಷದಿಂದ ನಡೆಯುತ್ತಿರುವ ದೊಡ್ಡ ಚರ್ಚೆಯೇ ಇದು: ಲಂಡನ್, ನ್ಯೂಯಾರ್ಕ್, ಮುಂಬೈ ನೋಡಿ ಕಟ್ಟಿದ ಸಿದ್ಧಾಂತಗಳು ಉಳಿದ ಊರುಗಳಿಗೆ ಹೊಂದುತ್ತವಾ? 2001ರ ಜನಗಣತಿಯಲ್ಲಿ ನಮ್ಮ ದೇಶದಲ್ಲಿ 1,362 ಜನಗಣತಿ ಪಟ್ಟಣಗಳಿದ್ದವು. ನಗರದ ಲಕ್ಷಣ ಇದ್ದೂ ಪುರಸಭೆ, ನಗರಸಭೆ ಇಲ್ಲದ ಊರುಗಳಿವು. 2011ಕ್ಕೆ ಅವು 3,894 ಆದವು. ಭಾರತದ ನಗರ ಬೆಳೆಯುತ್ತಿರುವುದು ಬೆಂಗಳೂರಲ್ಲಿ ಮಾತ್ರ ಅಲ್ಲ ಅಂತ ಸಂಪಾದಕರಿಗೂ ಗೊತ್ತು. ಶಿವಮೊಗ್ಗದಂಥ ಊರಿನ ಬಗ್ಗೆ ಒಳ್ಳೆಯ ಲೇಖನ ಸಿಕ್ಕರೆ ಅವರು ಖುಷಿಯಿಂದಲೇ ಓದುತ್ತಾರೆ.

ಹಾಗಾದರೆ ತೊಂದರೆ ಎಲ್ಲಿ? ನಿಮ್ಮ ಸಾರಾಂಶದಲ್ಲಿದೆ. ಅದು ಹೀಗೆ ಶುರುವಾಗುತ್ತದೆ: ‘ಶಿವಮೊಗ್ಗ ಮಲೆನಾಡಿನ ಹೆಬ್ಬಾಗಿಲು. ತುಂಗಾ ನದಿಯ ದಡದಲ್ಲಿರುವ ಈ ನಗರ 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾಯಿತು. ಈ ಲೇಖನ ನಗರದ ಬೀದಿಬದಿ ವ್ಯಾಪಾರಿಗಳ ಸಾಮಾಜಿಕ ಮತ್ತು ಆರ್ಥಿಕ ಸ್ಥಿತಿಗತಿಯನ್ನು ಅಧ್ಯಯನ ಮಾಡುತ್ತದೆ.’ ಇದರಲ್ಲಿ ತಪ್ಪು ಮಾಹಿತಿ ಏನೂ ಇಲ್ಲ. ಆದರೆ ಬ್ರೆಜಿಲ್‌ನಲ್ಲೋ ಘಾನಾದಲ್ಲೋ ಕೂತು ಓದುವವರಿಗೆ ಇದರಲ್ಲಿ ಪ್ರಶ್ನೆಯೇ ಕಾಣುವುದಿಲ್ಲ. ‘ಸ್ಥಿತಿಗತಿ ಅಧ್ಯಯನ’ ಅಂದ ಕೂಡಲೇ ಸಂಪಾದಕರು ಮುಂದಿನ ಲೇಖನಕ್ಕೆ ಹೋಗುತ್ತಾರೆ.

ಬಂಗಾರದಂಥ ಸಾಲು ಕೊನೆಯಲ್ಲಿ ಅಡಗಿ ಕೂತಿದೆ. ಕಾಮಗಾರಿ ಮುಗಿದ ಮೇಲೆ ಹಳೇ ಜಾಗಕ್ಕೆ ವಾಪಸ್ ಬಂದು ಕೂತವರಲ್ಲಿ ಹೆಚ್ಚಿನವರಿಗೆ, ಬೆನ್ನ ಹಿಂದಿನ ಅಂಗಡಿ ಮಾಲೀಕರ ಒಪ್ಪಿಗೆ ಇತ್ತು ಅಂತ ಬರೆದಿದ್ದೀರಿ. ಅಲ್ಲಿ ನಿಲ್ಲಿ. ನಿಮ್ಮ ಲೇಖನ ಅದೇ.

ಯಾಕೆ ಅಂತ ಹೇಳುತ್ತೇನೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ವ್ಯಾಪಾರಿಯ ಹಕ್ಕು ಬರುವುದು ಸಮೀಕ್ಷೆಯಿಂದ, ಪ್ರಮಾಣಪತ್ರದಿಂದ, ಪಟ್ಟಣ ವ್ಯಾಪಾರ ಸಮಿತಿಯಿಂದ. ಆ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಜನ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದರಷ್ಟು ಹೆಂಗಸರು. ಇನ್ನೊಂದು ಕಡೆ, ಸ್ಮಾರ್ಟ್ ಸಿಟಿ ಕೆಲಸ ನಡೆಸಿದ್ದು ಅದಕ್ಕಾಗಿಯೇ ಹುಟ್ಟುಹಾಕಿದ ಪ್ರತ್ಯೇಕ ಕಂಪನಿ. ದೊಡ್ಡ ನಗರಗಳ ಬರಹಗಳೆಲ್ಲ ಹೆಚ್ಚಾಗಿ ಸರ್ಕಾರ ಒಂದು ಕಡೆ, ವ್ಯಾಪಾರಿಗಳು ಇನ್ನೊಂದು ಕಡೆ ಅಂತ ಕತೆ ಹೇಳುತ್ತವೆ. ನಡುವೆ ಸಂಘಟನೆ, ಕೋರ್ಟು. ನೀವು ನೋಡಿದ್ದು ಮೂರನೆಯವರನ್ನು: ಅಂಗಡಿ ಮಾಲೀಕ. ಕಾಗದದಲ್ಲಿ ಅವನಿಗೆ ಫುಟ್‌ಪಾತ್ ಮೇಲೆ ಯಾವ ಅಧಿಕಾರವೂ ಇಲ್ಲ. ಆದರೂ ಯಾರು ಕೂರಬೇಕು ಅನ್ನುವುದು ಅವನ ಮಾತಿನ ಮೇಲೆ ನಿಂತಿದೆ. ಇದು ಶಿವಮೊಗ್ಗದ ವಿಷಯವೂ ಹೌದು, ಅಕ್ರಾದಲ್ಲಿ, ಲಿಮಾದಲ್ಲಿ ಬೀದಿ ವ್ಯಾಪಾರ ಓದುವವರು ತಮ್ಮ ಊರಲ್ಲೂ ಹುಡುಕಿ ನೋಡಬೇಕಾದ ವಿಷಯವೂ ಹೌದು.

ಹಾಗಾಗಿ ಸಾರಾಂಶ ಹೀಗೆ ಹೊರಡಲಿ: ‘ಬೀದಿ ವ್ಯಾಪಾರದ ಅಧ್ಯಯನಗಳು ಜಾಗದ ಹಕ್ಕನ್ನು ಸರ್ಕಾರ ಮತ್ತು ವ್ಯಾಪಾರಿಗಳ ನಡುವಿನ ಜಗಳವಾಗಿ ನೋಡುತ್ತವೆ. ರಸ್ತೆ ಅಗೆದು ಮತ್ತೆ ಕಟ್ಟಿದಾಗ ಯಾರು ವಾಪಸ್ ಬರುತ್ತಾರೆ ಎಂಬುದನ್ನು ಅಂಗಡಿ ಮಾಲೀಕರ ಒಪ್ಪಿಗೆ ಹೇಗೆ ತೀರ್ಮಾನಿಸುತ್ತದೆ ಎಂದು ಈ ಲೇಖನ ತೋರಿಸುತ್ತದೆ. ಕರ್ನಾಟಕದ ಮಧ್ಯಮ ಗಾತ್ರದ ನಗರ ಶಿವಮೊಗ್ಗದ ಮಾರುಕಟ್ಟೆ ಬೀದಿಗಳಲ್ಲಿ ನಡೆಸಿದ ಸಂದರ್ಶನ ಮತ್ತು ವೀಕ್ಷಣೆ ಇದಕ್ಕೆ ಆಧಾರ.’ ಆಮೇಲೆ ಎರಡು ಸಾಲಲ್ಲಿ ಕಂಡದ್ದು, ಒಂದು ಸಾಲಲ್ಲಿ ಅದರಿಂದ ಏನು ಬದಲಾಗುತ್ತದೆ. 150ರಿಂದ 200 ಪದಕ್ಕೆ ಮುಗಿಸಿ. ಹೆಬ್ಬಾಗಿಲು, ತುಂಗಾ ನದಿ ಎರಡೂ ಒಳಗೆ ಬರಲಿ, ಬೇಕಾದ ಕಡೆ.

ಒಂದು ಎಚ್ಚರಿಕೆ. ನಿಮ್ಮ ಫೀಲ್ಡ್ ನೋಟ್ಸ್ ಈ ಮಾತನ್ನು ಹೊರುತ್ತವಾ ಅಂತ ಮೊದಲು ನೋಡಿ. ಎಷ್ಟು ಜನ ಹೀಗೆ ಹೇಳಿದರು? ಮಾಲೀಕರ ಜೊತೆ ಮಾತಾಡಿದ್ದೀರಾ? ಒಪ್ಪಿಗೆ ಇದ್ದೂ ಜಾಗ ಸಿಗದವರು ಇದ್ದಾರಾ? ಈ ಕೊನೆಯ ಪ್ರಶ್ನೆಯನ್ನು ಪರಿಶೀಲಕರು, ಅಂದರೆ ಜರ್ನಲ್ ಪರವಾಗಿ ಲೇಖನ ಓದಿ ಅಭಿಪ್ರಾಯ ಕೊಡುವವರು, ಖಂಡಿತ ಕೇಳುತ್ತಾರೆ. ಉತ್ತರ ಇಲ್ಲದಿದ್ದರೆ ಇನ್ನೊಂದಷ್ಟು ದಿನ ಗಾಂಧಿ ಬಜಾರಿಗೆ ಹೋಗಿಬನ್ನಿ. ನೀವು ಅಲ್ಲೇ ಹತ್ತಿರ ಇದ್ದೀರಿ. ಹೊರದೇಶದಿಂದ ಬಂದು ಅಧ್ಯಯನ ಮಾಡುವವರಿಗೆ ಈ ಅನುಕೂಲ ಇಲ್ಲ.

ಇನ್ನು ಅಧ್ಯಾಯವನ್ನು ಲೇಖನ ಮಾಡುವ ಕೆಲಸ. ಪಿಎಚ್‌ಡಿ ಪ್ರಬಂಧ ಬರೆಯುವುದು ಪರೀಕ್ಷಕರಿಗೆ. ಓದಿದ್ದನ್ನೆಲ್ಲ ಅಲ್ಲಿ ತೋರಿಸಬೇಕು. ಲೇಖನದಲ್ಲಿ ಆ ಹಂಗಿಲ್ಲ. ಸಾಹಿತ್ಯ ವಿಮರ್ಶೆಯ ಭಾಗವನ್ನು ಕತ್ತರಿಸಿ, ನೀವು ಯಾರ ಮಾತಿಗೆ ಉತ್ತರ ಕೊಡುತ್ತಿದ್ದೀರೋ ಅವರಷ್ಟನ್ನೇ ಇಟ್ಟುಕೊಳ್ಳಿ. ಜಿಲ್ಲೆಯ ಇತಿಹಾಸ, ಹವಾಮಾನ, ತಾಲ್ಲೂಕುಗಳ ಪಟ್ಟಿ ಹೋಗಲಿ. ಊರಿನ ಪರಿಚಯಕ್ಕೆ ಎರಡು ಪ್ಯಾರಾ ಸಾಕು, ಆದರೆ ಆ ಎರಡು ಪ್ಯಾರಾ ಗಟ್ಟಿಯಾಗಿರಲಿ. 2011ರ ಜನಗಣತಿಯಲ್ಲಿ ಸುಮಾರು 3.2 ಲಕ್ಷ ಜನ, 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ, 2023ರಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ. ಇದರಲ್ಲಿ ನಿಮ್ಮ ವಾದಕ್ಕೆ ಬೇಕಾದ್ದು ಯಾವುದು? ವಿಮಾನ ನಿಲ್ದಾಣಕ್ಕೂ ಫುಟ್‌ಪಾತಿಗೂ ಸಂಬಂಧ ತೋರಿಸಲು ಆಗದಿದ್ದರೆ ಅದನ್ನು ಬಿಡಿ. ‘ಲಕ್ಷ’, ‘ಕೋಟಿ’, ‘ಗುಂಟೆ’ ಅಂದರೆ ಹೊರಗಿನವರಿಗೆ ಅರ್ಥ ಆಗುವುದಿಲ್ಲ. 3,20,000 ಅನ್ನುವುದನ್ನು ಅವರ ಪದ್ಧತಿಯಲ್ಲಿ ಅಲ್ಪವಿರಾಮ ಹಾಕಿ ಬರೆಯಿರಿ, ಅಳತೆಯನ್ನು ಹೆಕ್ಟೇರ್‌ಗೆ, ಮೀಟರ್‌ಗೆ ಬದಲಿಸಿ. ಊರಿನ ಇಂಗ್ಲಿಷ್ ಹೆಸರು 2014ರ ನವೆಂಬರ್ 1ರಂದು ಬದಲಾಗಿದೆ. 2011ರ ಜನಗಣತಿಯ ಕೋಷ್ಟಕಗಳಲ್ಲಿ ಹಳೇ ಸ್ಪೆಲ್ಲಿಂಗ್ ಇದೆ. ಇದನ್ನು ಒಂದು ಸಾಲಲ್ಲಿ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಎರಡು ಬೇರೆ ಊರು ಅಂದುಕೊಳ್ಳುವವರಿದ್ದಾರೆ. ಹಳೇ ಲೇಖನಗಳನ್ನು ಹುಡುಕುವಾಗಲೂ ಎರಡೂ ಸ್ಪೆಲ್ಲಿಂಗ್ ಹಾಕಿ ಹುಡುಕಿ.

ಸಂದರ್ಶನ ಯಾವ ಭಾಷೆಯಲ್ಲಿ ನಡೆಯಿತು, ಇಂಗ್ಲಿಷಿಗೆ ತಂದವರು ಯಾರು ಅನ್ನುವುದನ್ನು ವಿಧಾನದ ಭಾಗದಲ್ಲಿ ಸ್ಪಷ್ಟವಾಗಿ ಬರೆಯಿರಿ. ಕನ್ನಡದಲ್ಲಿ ಮಾತಾಡಿದ್ದನ್ನು ಮುಚ್ಚಿಡುವ ಅಗತ್ಯ ಇಲ್ಲ. ಅದು ನಿಮ್ಮ ಬಲ.

ಈ ಮುಂದಿನ ವಿಷಯಕ್ಕೆ ದಯವಿಟ್ಟು ಜಾಸ್ತಿ ಗಮನ ಕೊಡಿ. ಜನರ ಗುರುತು. ಮುಂಬೈನ ಲೇಖನದಲ್ಲಿ ‘ದಾದರ್ ಹತ್ತಿರ ತರಕಾರಿ ಮಾರುವ ಮಹಿಳೆ’ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ. ‘ದುರ್ಗಿಗುಡಿಯ ಇಂಥ ಮೂಲೆಯಲ್ಲಿ, ಇಂಥ ಅಂಗಡಿ ಮುಂದೆ ಹೂವು ಕಟ್ಟುವ ಅರವತ್ತು ದಾಟಿದ ಅಮ್ಮ’ ಅಂತ ಬರೆದರೆ? ಹೆಸರು ಬದಲಿಸಿ ಏನು ಪ್ರಯೋಜನ? ಶಿವಮೊಗ್ಗದಲ್ಲಿ ಅರ್ಧ ಜನಕ್ಕೆ ಅವರು ಯಾರು ಅಂತ ಗೊತ್ತು. ಅವರು ಅಂಗಡಿ ಮಾಲೀಕರ ಬಗ್ಗೆ, ಅಧಿಕಾರಿಗಳ ಬಗ್ಗೆ ನಿಮ್ಮ ಹತ್ತಿರ ಏನೇನೋ ಹೇಳಿರುತ್ತಾರೆ. ನಾಳೆ ಅವರ ಜಾಗ ಹೋದರೆ ಲೇಖನದಿಂದ ಅದನ್ನು ವಾಪಸ್ ಕೊಡಿಸಲು ಆಗುವುದಿಲ್ಲ. ಆದ್ದರಿಂದ ಮಾರುವ ವಸ್ತು, ವಯಸ್ಸು, ಜಾಗ ಈ ಮೂರೂ ಒಂದೇ ಸಾಲಲ್ಲಿ ಬಾರದಂತೆ ನೋಡಿಕೊಳ್ಳಿ. ವಾದಕ್ಕೆ ಮುಖ್ಯವಾದದ್ದನ್ನು ಇಟ್ಟು ಉಳಿದದ್ದನ್ನು ಮಸುಕು ಮಾಡಿ, ಹಾಗೆ ಮಾಡಿದ್ದೇನೆ ಅಂತ ವಿಧಾನದ ಭಾಗದಲ್ಲಿ ಹೇಳಿ. ಮುಖ ಕಾಣುವ ಫೋಟೊ ಬೇಡವೇ ಬೇಡ. ಪ್ರತಿ ಮಳಿಗೆಯನ್ನು ಗುರುತಿಸುವ ನಕ್ಷೆಯೂ ಬೇಡ. ಬೀದಿಯ ಯಾವ ಭಾಗದಲ್ಲಿ ಎಷ್ಟು ಜನ ಅನ್ನುವಷ್ಟು ತೋರಿಸಿದರೆ ಸಾಕು. ಹೆಚ್ಚಿನ ಜರ್ನಲ್‌ಗಳು ನೈತಿಕ ಸಮಿತಿಯ ಅನುಮತಿ ಮತ್ತು ಸಂದರ್ಶನ ಕೊಟ್ಟವರ ಒಪ್ಪಿಗೆ ಪಡೆದ ರೀತಿಯ ಬಗ್ಗೆ ಒಂದು ಹೇಳಿಕೆ ಕೇಳುತ್ತವೆ. ಬಾಯಿಮಾತಿನ ಒಪ್ಪಿಗೆ ಪಡೆದಿದ್ದರೆ ಹಾಗೆಯೇ ಬರೆಯಿರಿ, ಯಾಕೆ ಸಹಿ ತಗೊಳ್ಳಲಿಲ್ಲ ಅನ್ನುವುದನ್ನೂ ಸೇರಿಸಿ.

ನಕ್ಷೆಯ ಮಾತು ಬಂತು. ಗೂಗಲ್ ಮ್ಯಾಪ್‌ನ ಸ್ಕ್ರೀನ್‌ಶಾಟ್ ಹಾಕಬೇಡಿ, ಹಕ್ಕಿನ ತಕರಾರು ಬರುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್ ದತ್ತಾಂಶ ತಗೊಂಡು, ನಕ್ಷೆ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್‌ನಲ್ಲಿ ನೀವೇ ಬರೆಯಿರಿ. ಎರಡೂ ಉಚಿತ. ಮೂಲದ ಹೆಸರು ಹಾಕಿದರೆ ಆಯಿತು. ಕಪ್ಪು ಬಿಳುಪಲ್ಲೂ ಓದಲು ಬರಬೇಕು. ಭಾರತದ ಇಡೀ ನಕ್ಷೆ ಬೇಕಾದರೆ ಗಡಿಗಳು ಸರ್ವೆ ಆಫ್ ಇಂಡಿಯಾ ನಕ್ಷೆಯಂತೆ ಇರಲಿ.

ಎಲ್ಲಿಗೆ ಕಳಿಸಬೇಕು? ‘ಅರ್ಬನ್ ಸ್ಟಡೀಸ್’ 1964ರಿಂದ ಬರುತ್ತಿದೆ, ‘ಇಂಟರ್‌ನ್ಯಾಷನಲ್ ಜರ್ನಲ್ ಆಫ್ ಅರ್ಬನ್ ಅಂಡ್ ರೀಜನಲ್ ರಿಸರ್ಚ್’ 1977ರಿಂದ. ಎರಡೂ ದೊಡ್ಡವು. ಸಿದ್ಧಾಂತದ ಕಡೆ ಗಟ್ಟಿ ವಾದ ಕೇಳುತ್ತವೆ. ಲಂಡನ್ನಿನ ಐಐಇಡಿ ಸಂಸ್ಥೆಯ ‘ಎನ್ವಿರಾನ್‌ಮೆಂಟ್ ಅಂಡ್ ಅರ್ಬನೈಸೇಶನ್’ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ಲೇಖಕರನ್ನು ಬೇಕೆಂದೇ ಹುಡುಕುತ್ತದೆ. ಭಾಷೆ ಸರಳವಾಗಿದ್ದರೆ ಅವರಿಗೆ ಇಷ್ಟ. ಬೆಂಗಳೂರಿನ ಐಐಎಚ್‌ಎಸ್ ಸಂಸ್ಥೆಯ ‘ಅರ್ಬನೈಸೇಶನ್’ ಇದೆ. ಮುಂಬೈನ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ನಗರದ ಬರಹಗಳಿಗೇ ಮೀಸಲಾದ ವಿಭಾಗ ಬರುತ್ತಿರುತ್ತದೆ. ನನ್ನ ಸಲಹೆ ಕೇಳಿದರೆ, ನಿಮ್ಮ ವಿಷಯಕ್ಕೆ ‘ಎನ್ವಿರಾನ್‌ಮೆಂಟ್ ಅಂಡ್ ಅರ್ಬನೈಸೇಶನ್’ ಮೊದಲು, ಅಲ್ಲಿ ಆಗದಿದ್ದರೆ ಬೆಂಗಳೂರಿನದು. ಆದರೆ ಕಳಿಸುವ ಮೊದಲು ಆ ಜರ್ನಲ್‌ನ ಈಚಿನ ಎರಡು ವರ್ಷದ ಸಂಚಿಕೆಗಳ ಸಾರಾಂಶ ಓದಿ. ಬೀದಿ ವ್ಯಾಪಾರದ ಬಗ್ಗೆ ಅವರೇ ಹಾಕಿದ ಲೇಖನ ಇದ್ದೂ ನೀವು ಅದನ್ನು ಉಲ್ಲೇಖಿಸದಿದ್ದರೆ ಸಂಪಾದಕರಿಗೆ ಕೂಡಲೇ ಕಾಣುತ್ತದೆ. ಓದಲು ದುಡ್ಡು ಕೊಡಬೇಕಲ್ಲ ಅಂತ ಚಿಂತೆ ಬೇಡ. ಕೇಂದ್ರ ಸರ್ಕಾರದ ಯೋಜನೆ ‘ಒನ್ ನೇಶನ್ ಒನ್ ಸಬ್‌ಸ್ಕ್ರಿಪ್ಶನ್’ 2025ರ ಜನವರಿಯಿಂದ ಜಾರಿಗೆ ಬಂದಿದೆ. ಸರ್ಕಾರಿ ವಿಶ್ವವಿದ್ಯಾಲಯಗಳಿಗೆ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಇದರಲ್ಲಿ ಸಿಗುತ್ತವೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ವಿಚಾರಿಸಿ.

ಇನ್ನು ಪ್ರಕಟಣೆಯ ಖರ್ಚು. ಹೆಚ್ಚಿನ ದೊಡ್ಡ ಜರ್ನಲ್‌ಗಳಲ್ಲಿ ಚಂದಾದಾರರಿಗೆ ಮಾತ್ರ ಕಾಣುವಂತೆ ಪ್ರಕಟಿಸಿದರೆ ಲೇಖಕರು ಏನೂ ಕಟ್ಟಬೇಕಿಲ್ಲ. ಎಲ್ಲರಿಗೂ ತೆರೆದಿಡಬೇಕು ಅಂದರೆ ಶುಲ್ಕ ಲಕ್ಷ ರೂಪಾಯಿ ದಾಟುತ್ತದೆ. ಫಾರಂನಲ್ಲಿ ಆ ಆಯ್ಕೆ ಬಂದಾಗ ಗಾಬರಿಯಾಗದೆ ಚಂದಾದಾರರಿಗೆ ಮಾತ್ರ ಅನ್ನುವುದನ್ನು ಒತ್ತಿ.

ಕಳಿಸುವ ದಿನದ ಕೆಲಸಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಪದಮಿತಿ ಹೆಚ್ಚಾಗಿ 7,000ದಿಂದ 10,000. ಅದರಲ್ಲಿ ಆಕರಗಳ ಪಟ್ಟಿ ಸೇರುತ್ತದಾ ಅಂತ ನೋಡಿ, ಜರ್ನಲ್‌ನಿಂದ ಜರ್ನಲ್‌ಗೆ ಬೇರೆ. ಓರ್ಸಿಡ್ ಅನ್ನುವ 16 ಅಂಕಿಯ ಲೇಖಕ ಸಂಖ್ಯೆ ಉಚಿತವಾಗಿ ಸಿಗುತ್ತದೆ, ಮಾಡಿಸಿಟ್ಟುಕೊಳ್ಳಿ. ಹೆಸರಿರುವ ಪುಟ ಒಂದು ಫೈಲ್, ಹೆಸರಿಲ್ಲದ ಲೇಖನ ಇನ್ನೊಂದು ಫೈಲ್. ಪರಿಶೀಲಕರಿಗೆ ನೀವು ಯಾರು ಅಂತ ಗೊತ್ತಾಗಬಾರದು, ಅಲ್ವಾ? ಹಾಗಾಗಿ ಕೃತಜ್ಞತೆ, ಅನುದಾನದ ವಿವರ, ‘ನನ್ನ ಹಿಂದಿನ ಲೇಖನದಲ್ಲಿ’ ಅನ್ನುವ ಸಾಲು ಎಲ್ಲ ತೆಗೆಯಿರಿ. ವರ್ಡ್ ಫೈಲಿನ ಪ್ರಾಪರ್ಟೀಸ್ ಒಳಗೆ ಹೆಸರು ಉಳಿದಿರುತ್ತದೆ, ಅದನ್ನೂ ಅಳಿಸಿ. ಒಂದು ಸಲಕ್ಕೆ ಒಂದೇ ಜರ್ನಲ್. ಎರಡು ಕಡೆ ಒಟ್ಟಿಗೆ ಕಳಿಸಿದ್ದು ಗೊತ್ತಾದರೆ ಎರಡೂ ಹೋಗುತ್ತವೆ.

ನಿಮ್ಮ ಪ್ರಬಂಧ ಶೋಧಗಂಗಾದಲ್ಲಿ, ಅಂದರೆ ದೇಶದ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರದಲ್ಲಿ ಇರುತ್ತದೆ. ಹೋಲಿಕೆ ತಪಾಸಣೆಯ ಸಾಫ್ಟ್‌ವೇರ್ ಅದನ್ನು ಹಿಡಿಯುತ್ತದೆ. ಭಯ ಬೇಡ. ಬಹುತೇಕ ಜರ್ನಲ್‌ಗಳು ಪಿಎಚ್‌ಡಿ ಪ್ರಬಂಧವನ್ನು ಹಿಂದಿನ ಪ್ರಕಟಣೆ ಅಂತ ಎಣಿಸುವುದಿಲ್ಲ. ಸಂಪಾದಕರಿಗೆ ಬರೆಯುವ ಪತ್ರದಲ್ಲಿ ‘ಇದು ನನ್ನ ಪ್ರಬಂಧದ ಒಂದು ಅಧ್ಯಾಯದಿಂದ ಬೆಳೆದದ್ದು’ ಅಂತ ನೇರವಾಗಿ ಹೇಳಿ. ಲೇಖನದ ಶೀರ್ಷಿಕೆ ಬದಲಿಸಿ, ಸಾಲುಗಳನ್ನು ಹೊಸದಾಗಿ ಬರೆಯಿರಿ. ವಾದ ಬದಲಾದ ಮೇಲೆ ಹಳೇ ಸಾಲುಗಳು ಹೇಗೂ ಹೊಂದುವುದಿಲ್ಲ. ಇಂಗ್ಲಿಷ್ ತಿದ್ದಲು ಎಐ ಬಳಸಿದರೆ ಜರ್ನಲ್‌ನ ನಿಯಮ ನೋಡಿ ಅದನ್ನೂ ತಿಳಿಸಿ. ಸಂದರ್ಶನದ ಕಡತಗಳನ್ನು ಮಾತ್ರ ಅಂಥ ತಾಣಗಳಿಗೆ ಹಾಕಬೇಡಿ. ಅದು ನಿಮಗೆ ನಂಬಿಕೆಯಿಂದ ಕೊಟ್ಟ ಮಾತು.

ಗೈಡ್ ಹೆಸರು ಸೇರಿಸಬೇಕಾ ಅಂತ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನವರು ಇಲ್ಲೇ ಸಿಕ್ಕಿಕೊಳ್ಳುತ್ತಾರೆ. ಈ ಲೇಖನದ ವಾದ ಕಟ್ಟುವುದರಲ್ಲಿ, ಬರೆಯುವುದರಲ್ಲಿ ಅವರ ಕೆಲಸ ಇದ್ದರೆ ಹೆಸರು ಇರಲೇಬೇಕು. ಇಲ್ಲದಿದ್ದರೆ ಕೃತಜ್ಞತೆಯಲ್ಲಿ ಗೌರವದಿಂದ ಬರೆಯಿರಿ. ಇದನ್ನು ಕಳಿಸುವ ಮೊದಲೇ ಅವರ ಎದುರು ಕೂತು ಮಾತಾಡಿ ಮುಗಿಸಿಕೊಳ್ಳಿ. ಲೇಖನ ಒಪ್ಪಿಗೆಯಾದ ಮೇಲೆ ಹೆಸರು ಸೇರಿಸುವುದು ತೆಗೆಯುವುದು ಎಲ್ಲರಿಗೂ ಮುಜುಗರ.

ಆಮೇಲೆ ಕಾಯುವುದು. ಸಂಪಾದಕರ ಮೇಜಿನಿಂದಲೇ ವಾಪಸ್ ಬರುವುದಾದರೆ ಕೆಲವು ವಾರದಲ್ಲಿ ಬರುತ್ತದೆ. ಪರಿಶೀಲನೆಗೆ ಹೋದರೆ ಮೂರರಿಂದ ಆರು ತಿಂಗಳು, ಕೆಲವೊಮ್ಮೆ ಇನ್ನೂ ಜಾಸ್ತಿ. ಆರು ತಿಂಗಳಾದರೂ ಸುದ್ದಿ ಇಲ್ಲದಿದ್ದರೆ ಎರಡು ಸಾಲಿನ ವಿನಯದ ಮೇಲ್ ಹಾಕಿ, ತಪ್ಪಿಲ್ಲ. ‘ಮೇಜರ್ ರಿವಿಜನ್’, ಅಂದರೆ ದೊಡ್ಡ ತಿದ್ದುಪಡಿ ಮಾಡಿ ಮತ್ತೆ ಕಳಿಸಿ ಅಂತ ಬಂದರೆ ಅಳಬೇಡಿ, ಅದು ಒಳ್ಳೆಯ ಸುದ್ದಿ. ಬಾಗಿಲು ತೆರೆದಿದೆ ಅಂತ ಅರ್ಥ.

ಪರಿಶೀಲಕರಿಗೆ ಉತ್ತರ ಬರೆಯುವಾಗ ಅವರ ಒಂದೊಂದು ಮಾತನ್ನೂ ಹಾಗೆಯೇ ಇಟ್ಟು, ಕೆಳಗೆ ನೀವು ಏನು ಮಾಡಿದಿರಿ, ಯಾವ ಪುಟದಲ್ಲಿ ಅಂತ ಬರೆಯಬೇಕು. ಉದಾಹರಣೆಗೆ ಒಬ್ಬರು ಕೇಳುತ್ತಾರೆ ಅಂದುಕೊಳ್ಳಿ: ‘ಇದೊಂದೇ ಮಾರುಕಟ್ಟೆ ನೋಡಿ ಇಷ್ಟು ದೊಡ್ಡ ಮಾತು ಹೇಗೆ ಹೇಳುತ್ತೀರಿ?’ ‘ಸಲಹೆಗೆ ಧನ್ಯವಾದ, ತಿದ್ದಿದ್ದೇವೆ’ ಅಂತ ಸುಮ್ನೆ ಬರೆದರೆ ಅವರಿಗೆ ಸಿಟ್ಟು ಬರುತ್ತದೆ. ಹೀಗೆ ಬರೆಯಿರಿ: ‘ಒಪ್ಪುತ್ತೇವೆ. ಎಲ್ಲ ಮಧ್ಯಮ ನಗರಗಳಿಗೂ ಅನ್ವಯಿಸುತ್ತದೆ ಎಂಬ ಸಾಲನ್ನು ತೆಗೆದಿದ್ದೇವೆ. ಅಂಗಡಿ ಮತ್ತು ಫುಟ್‌ಪಾತ್ ಅಂಟಿಕೊಂಡಿರುವ ಹಳೇ ಪೇಟೆ ಬೀದಿಗಳಿಗೆ ಈ ಮಾತು ಹೊಂದುತ್ತದೆ, ಹೊಸ ಬಡಾವಣೆಗಳಿಗೆ ಬಹುಶಃ ಇಲ್ಲ ಎಂದು ಪುಟ 19ರಲ್ಲಿ ಸೇರಿಸಿದ್ದೇವೆ.’ ನೋಡಿ, ಮಾತಿನ ಗಡಿ ಹಾಕಿದ ಕೂಡಲೇ ವಾದ ಇನ್ನೂ ಗಟ್ಟಿಯಾಯಿತು. ಈ ಗಡಿಯನ್ನು ನೀವು ವಿನೋಬನಗರದಂಥ ಬಡಾವಣೆಯಲ್ಲಿ ಒಂದು ಸುತ್ತು ನೋಡಿಕೊಂಡು ಬಂದೇ ಹಾಕಬಹುದು. ಪರಿಶೀಲಕರು ಹೇಳಿದ್ದೆಲ್ಲವನ್ನೂ ಒಪ್ಪಬೇಕಿಲ್ಲ. ಒಬ್ಬರು ಊರಿನ ವಿವರ ಕಡಿಮೆ ಮಾಡಿ ಅನ್ನುತ್ತಾರೆ, ಇನ್ನೊಬ್ಬರು ಹೆಚ್ಚು ಮಾಡಿ ಅನ್ನುತ್ತಾರೆ. ಆಗ ಸಂಪಾದಕರಿಗೇ ಬರೆದು ಕೇಳಿ, ಅಥವಾ ನಿಮ್ಮ ಆಯ್ಕೆಯನ್ನು ಕಾರಣ ಸಮೇತ ಹೇಳಿ. ಊರಿನ ವಿವರ ಉಳಿಸಿಕೊಳ್ಳುವ ಕಡೆಗೇ ನನ್ನ ಒಲವು.

ಮೊದಲ ಕೆಲಸ ಸಾರಾಂಶ ಮತ್ತು ಮೊದಲ ಎರಡು ಪುಟ. ಅವನ್ನು ಹೊಸದಾಗಿ ಬರೆದು, ಬೀದಿ ವ್ಯಾಪಾರದ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರಿಗೆ ಕೊಡಿ. ಓದಿದ ಮೇಲೆ ‘ನಾನು ಏನು ಹೇಳುತ್ತಿದ್ದೇನೆ?’ ಅಂತ ಕೇಳಿ. ‘ಅಂಗಡಿಯವರು ಬಿಟ್ಟರೆ ಮಾತ್ರ ಅವರು ಕೂರಬಹುದು ಅಂತ’ ಎಂದು ಅವರ ಬಾಯಲ್ಲಿ ಬಂದರೆ ಉಳಿದ ಭಾಗ ಬರೆಯಲು ಕೂರಿ. ‘ಶಿವಮೊಗ್ಗದ ಬಗ್ಗೆ’ ಎಂದು ಬಂದರೆ ಆ ಎರಡು ಪುಟ ಇನ್ನೊಮ್ಮೆ ಬರೆಯಿರಿ. ಬರೆದದ್ದನ್ನು ನನಗೂ ಕಳಿಸಿ, ಓದುತ್ತೇನೆ.